ಎರಡು ರಿಂಗು

ಫೋನು ಎರಡು ಸಲ ರಿಂಗಾಗಿ ತಟ್ಟನೆ ನಿಂತಿತು.

ಅದರೊಂದಿಗೆ ಪಡಸಾಲೆಯ ಭಜನೆಯೂ ನಿಂತಿತು. ತಾಳ ಹಿಡಿದವರು ಎತ್ತಿದ ಕೈ ಇಳಿಸದೆ ರೇಣುಕಮ್ಮನ ಮುಖ ನೋಡಿದರು. ಬೆಳಗಿನಿಂದ ಮುಷ್ಟಿ ಬಿಚ್ಚದೆ ಹಿಡಿದಿದ್ದ ಫೋನು ಅವಳ ಬೆವರಿಗೆ ಒದ್ದೆಯಾಗಿತ್ತು. ಎದುರಿಗೆ, ಗೋಡೆಗೆ ಆನಿಸಿ ಕೂರಿಸಿದ್ದ ಅತ್ತೆ ಮುದಕಮ್ಮ. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡು ಹೂವಿನ ಮಾಲೆ. ನಸುಕಿನಲ್ಲಿ ಪ್ರಾಣ ಹೋಗಿತ್ತು. ಈಗ ಸೂರ್ಯ ನೆತ್ತಿಗೆ ಬಂದಿದ್ದ.

"ಅವರದ," ಎಂದಳು ರೇಣುಕಮ್ಮ. ದನಿ ತನಗೇ ದೊಡ್ಡದಾಗಿ ಕೇಳಿಸಿತು. "ಎರಡ ರಿಂಗು ಕೊಟ್ಟು ಕಟ್ ಮಾಡ್ಯಾರ. ಹೊಂಟಾರ ಅಂತ ಅರ್ಥ."

"ಖರೇನ?" ಎಂದು ಅಂದಪ್ಪ ಬಾಗಿಲಿಂದ ಒಳಗೆ ಬಂದ. ರೇಣುಕಮ್ಮನ ಗಂಡ ಕನಕಪ್ಪನಿಗೆ ಅವನು ದೊಡ್ಡಪ್ಪನ ಮಗ, ಮನೆತನದ ಹಿರಿಯ. ಕುಣಿ ತೋಡಿಸುವುದರಿಂದ ಹಿಡಿದು ಹೂವು ತರಿಸುವವರೆಗೆ ಇವತ್ತಿನ ಯಜಮಾನಿಕೆಯೆಲ್ಲ ಅವನದೇ. "ಹಂಗಾರ ಕಾಯೂಣು. ಮಗ ಬರ್ತಾನಂದ್ರ ತಾಯಿ ಕುಂದರತಾಳ."

ಭಜನೆ ಮತ್ತೆ ಸುರುವಾಯಿತು. ರೇಣುಕಮ್ಮನ ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಯಿತು.

ಆ ಮನೆಯಲ್ಲಿ ಮಿಸ್ಡ್ ಕಾಲ್ ಎಂಬುದು ಒಂದು ಭಾಷೆಯೇ ಆಗಿತ್ತು. ಒಂದು ರಿಂಗೆಂದರೆ ಎಲ್ಲ ಛಲೋ ಇದ್ದೇವೆ. ಎರಡು ರಿಂಗೆಂದರೆ ಹೊರಟಿದ್ದೇನೆ, ಎತ್ತಬೇಡ. ಹೊಡೆದುಕೊಳ್ಳುತ್ತಲೇ ಇದ್ದರೆ ಎತ್ತು, ಏನೋ ಇದೆ. ಭತ್ತದ ಕೊಯ್ಲು ಮುಗಿಯುತ್ತಲೇ ಕನಕಪ್ಪ ಕುರಿ ಹಿಂಡು ಹೊಡೆದುಕೊಂಡು ಗಂಗಾವತಿಯ ಆಚೆ, ಕಾಲುವೆಯ ಸೀಮೆಗೆ ಹೋಗುತ್ತಿದ್ದ. ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ನಿಲ್ಲಿಸುವವನಿಗೆ ಚಾರ್ಜಿಗೆ ಹಾಕಲು ಗೋಡೆಯೆಲ್ಲಿ, ಕರೆಂಟೆಲ್ಲಿ? ಅವನ ಫೋನು ಬದುಕಿರುವುದಕ್ಕಿಂತ ಸತ್ತಿರುವುದೇ ಹೆಚ್ಚು. ಗದ್ದೆಯ ಸಾಹುಕಾರನದೋ ಚಹದಂಗಡಿಯವನದೋ ಟ್ರ್ಯಾಕ್ಟರ್ ಹೊಡೆಯುವವನದೋ ಫೋನು ಇಸಿದುಕೊಂಡು ರಿಂಗು ಕೊಡುತ್ತಿದ್ದ. ಗೊತ್ತಿಲ್ಲದ ನಂಬರು ಎತ್ತಬೇಡಿರೆಂದು ಜಾಣರು ಹೇಳುತ್ತಾರೆ. ರೇಣುಕಮ್ಮನಿಗೆ ಗಂಡನೇ ಗೊತ್ತಿಲ್ಲದ ನಂಬರು.

ಈ ಸಂದಿಯಲ್ಲೇ ಫೋನ್ ಕಂಪನಿಯವರು ನುಗ್ಗಿದ್ದರು. ರೊಟ್ಟಿ ಬಡಿಯುವಾಗ, ನೀರಿನ ಪಾಳಿಯಲ್ಲಿ ನಿಂತಾಗ, ಮೈಮೇಲೆ ತಂಬಿಗೆ ನೀರು ಹಾಕಿಕೊಳ್ಳುವಾಗಲೂ ಫೋನು. ಹಿಟ್ಟಿನ ಕೈಯಲ್ಲೇ ಓಡಿ ಬಂದು ಎತ್ತಿದರೆ ಒಂದು ಹುಡುಗಿ ಜೇನು ಸುರಿಯುತ್ತಿದ್ದಳು: ಹಾಡು ಹಾಕಿಸಿಕೊಳ್ಳಿ, ಜ್ಯೋತಿಷ್ಯ ಕೇಳಿ, ಸ್ಟಾರ್ ಒತ್ತಿ. ಬೈದರೆ ಬೈಸಿಕೊಳ್ಳುವ ಜೀವವೂ ಅಲ್ಲ ಅದು, ಮಷಿನ್ನು. ಒಮ್ಮೆ ರೇಣುಕಮ್ಮ ಸಿಟ್ಟಿನಲ್ಲಿ ಏನೋ ಒತ್ತಿಬಿಟ್ಟಿದ್ದಕ್ಕೆ, ಕರೆ ಮಾಡಿದವರಿಗೆಲ್ಲ ಸಿನಿಮಾ ಹಾಡು ಕೇಳತೊಡಗಿತ್ತು. ಕನಕಪ್ಪ ಅದನ್ನು ಕೇಳಿ, ಯಾರದೋ ಮನೆಗೆ ಹಚ್ಚಿದೆನೆಂದು ಗಾಬರಿಯಾಗಿ ಇಟ್ಟಿದ್ದ.

ಆದರೆ ಅವಳ ಹೊಟ್ಟೆ ಉರಿಯುತ್ತಿದ್ದುದು ಅದಕ್ಕಲ್ಲ. ಹಾಸಿಗೆ ಹಿಡಿದ ಮುದಕಮ್ಮ ಪ್ರತಿ ರಿಂಗಿಗೂ ಕತ್ತು ಎತ್ತುತ್ತಿದ್ದಳು. "ಯಾರವಾ, ಕನಕಾನೇನ?" ಅಲ್ಲ ಅತ್ತಿ, ಕಂಪನಿ, ಅನ್ನಬೇಕು. ಕತ್ತು ಮತ್ತೆ ದಿಂಬಿಗೆ ಬೀಳುವುದನ್ನು ನೋಡಬೇಕು. ದಿನಕ್ಕೆ ಎಷ್ಟು ಸಲವೋ ಆ ಮುದುಕಿಗೆ ಮಗ ಬಂದು ಬಂದು ಹೋಗುತ್ತಿದ್ದ.

ಮಾವ ತೀರಿದಾಗಲೂ ಕನಕಪ್ಪ ಕುರಿ ಹಿಂದಿದ್ದ. ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿ, ಮಣ್ಣು ಒಣಗಿಯೂ ಆಗಿತ್ತು. ಮುದಕಮ್ಮ ಆಗ ಒಂದು ಮಾತೂ ಅಂದಿರಲಿಲ್ಲ. ಈ ಸಲ ಹೊರಡುವಾಗ ಮಾತ್ರ ಮಗನ ಕೈ ಹಿಡಿದು ಹೇಳಿದ್ದಳು: "ನಿಮ್ಮಪ್ಪಗ ಮಾಡಿದಂಗ ನನಗ ಮಾಡಬ್ಯಾಡಪಾ. ನಿನ್ನ ಕೈಲೆ ಮಣ್ಣು ಬೀಳಬೇಕು." ರೇಣುಕಮ್ಮ ಪಕ್ಕದಲ್ಲೇ ಬುತ್ತಿ ಕಟ್ಟುತ್ತಿದ್ದಳು. ಗಂಡ ಹೂಂ ಅಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಬೆಳಿಗ್ಗೆ ಅಂದಪ್ಪ ಗದ್ದೆಯ ಸಾಹುಕಾರನಿಗೆ ಫೋನು ಹಚ್ಚಿದಾಗ, ಕುರಿಯವರು ನಿನ್ನೆಯೇ ಮುಂದಿನ ಊರಿಗೆ ಹೋದರು, ಗಾಡಿಯ ಮೇಲೆ ಆಳು ಕಳಿಸುತ್ತೇನೆ ಎಂದು ಸಾಹುಕಾರ ಅಂದಿದ್ದ. "ಸೀರಿಯಸ್ ಐತಿ ಅಂತ ಅಷ್ಟ ಹೇಳ್ಸ್ರಿ. ಹೊಂಟ ಕೂಡಲೆ ಎರಡ ರಿಂಗು ಕೊಡ್ಲಿ," ಎಂದು ರೇಣುಕಮ್ಮ ಪಕ್ಕದಿಂದ ಕೂಗಿದ್ದಳು. ಆಮೇಲೆ ಸಾಹುಕಾರನ ಫೋನು ಸ್ವಿಚ್ ಆಫ್. ಅದಕ್ಕೇ ಈಗ ಬಂದ ಎರಡು ರಿಂಗು ದೇವರು ಕೊಟ್ಟಂತೆ ಬಂದಿತ್ತು.

ಮಗಳು ಅಂಜಲಿ ಫೋನು ಇಸಿದುಕೊಂಡು ನಂಬರು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ತಾಯಿಯ ಸೆರಗು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಯವ್ವಾ, ಇದು ಅಪ್ಪ ಮಾಡಿದ್ದಲ್ಲ. ಒಂದು ನಾಕು ಸೊನ್ನಿಯಿಂದ ಸುರು ಆಗೈತಿ. ಹಿಂಗ ಸುರು ಆಗೂವೆಲ್ಲಾ ಕಂಪನಿ ನಂಬರು. ಸಾಲ್ಯಾಗ ಸರ್ ಹೇಳ್ಯಾರ."

"ಕಂಪನ್ಯಾರು ಎರಡ ರಿಂಗಿಗೆ ಯಾಕ ಕಟ್ ಮಾಡ್ತಾರ?"

"ಮಷಿನ್ ಮಾಡ್ತೈತವಾ. ಅದಕ್ಕೇನ್ ಗೊತ್ತು ನಮ್ಮ ಲೆಕ್ಕ?"

ರೇಣುಕಮ್ಮ ದನದ ಗೋದಲಿ ಹಿಡಿದು ನಿಂತಳು. ಒಳಗೆ ಭಜನೆ ಏರುದನಿಯಲ್ಲಿತ್ತು. ಅಷ್ಟು ಜನರ ಮುಂದೆ, ಸತ್ತವಳ ಮುಂದೆ, ಹೊಂಟಾರ ಎಂದು ಸಾರಿಬಿಟ್ಟಿದ್ದಳು.

"ದೊಡ್ಡಪ್ಪಗ ಹೇಳ್ಲೇನು?"

"ಬಾಯಿ ಮುಚ್ಚು. ಹೇಳಿದಿ ಅಂದ್ರ ಈಗಿಂದೀಗ ಹೆಣಾ ಎತ್ತತಾರ. ಆಳು ಹೋಗ್ಯಾನಲ್ಲ, ಸುದ್ದಿ ಮುಟ್ಟೇ ಮುಟ್ಟತೈತಿ. ಅವರು ಬರ್ತಾರ."

"ಬರದಿದ್ರ?"

ರೇಣುಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಹೆಣ ಎತ್ತುವವರೆಗೆ ಓಣಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಸಣ್ಣ ಹುಡುಗರು ನಿನ್ನೆಯ ಕಟಕು ರೊಟ್ಟಿಯನ್ನೂ ಮುಗಿಸಿ ರಗಳೆ ಮಾಡುತ್ತಿದ್ದರು. ಪಕ್ಕದ ಮನೆಯ ಶೇಖರಮ್ಮ ಅಳುವ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಮೆಲ್ಲಗೆ, "ಎಲ್ಲಿಗೆ ಬಂದಾನಂತವಾ?" ಎಂದು ಕೇಳಿ ಹೋದಳು. ಕುಷ್ಟಗಿಯಿಂದ ಬಂದಿದ್ದ ಬೀಗರು ಬಸ್ಸಿನ ಹೊತ್ತು ನೋಡಿಕೊಳ್ಳುತ್ತಿದ್ದರು. ಊದಿನಕಡ್ಡಿಯ ಮೇಲೆ ಊದಿನಕಡ್ಡಿ ಹಚ್ಚಿದರೂ ನೊಣ ಬಿಡುತ್ತಿರಲಿಲ್ಲ. ರೇಣುಕಮ್ಮ ಸೆರಗಿನಿಂದ ಅತ್ತೆಯ ಮುಖಕ್ಕೆ ಗಾಳಿ ಹಾಕುತ್ತ ಕೂತಳು. ಸ್ವಲ್ಪ ತಡಕೊಳ್ರಿ ಅತ್ತಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಚಳಿಗಾಲದ ಹೊತ್ತು ಬಲು ಬೇಗ ಇಳಿಯುತ್ತದೆ. ನೆರಳು ಅಂಗಳ ದಾಟಿದಾಗ ಅಂದಪ್ಪ ಎದ್ದು ನಿಂತ.

"ತಂಗೀ, ಹೊಂಟು ಭಾಳ ಹೊತ್ತಾತು. ಅವನ ಸುಳಿವಿಲ್ಲ. ಹೊತ್ತು ಮುಳುಗಿದ ಮ್ಯಾಲ ಮಣ್ಣು ಮಾಡೂದು ಛಲೋ ಅಲ್ಲ. ನಾವು ಮಾಡೂದು ಮಾಡಿವಿ." ಹೊರಗೆ ತಿರುಗಿ, "ಬರ್ರೆಪಾ, ಕೈ ಹಚ್ಚರಿ," ಎಂದ.

ನಾಲ್ವರು ಒಳಗೆ ಬಂದು ಮುದಕಮ್ಮನ ಎರಡೂ ಪಕ್ಕ ಬಗ್ಗಿದರು. ಆಗಲೇ ಫೋನು ಹೊಡೆದುಕೊಳ್ಳತೊಡಗಿತು. ಎರಡು ರಿಂಗಿಗೆ ನಿಲ್ಲಲಿಲ್ಲ. ರೇಣುಕಮ್ಮ ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡಳು.

ಮೊದಲು ವಾದ್ಯ ಬಾರಿಸಿತು. ಆಮೇಲೆ ಅದೇ ಹುಡುಗಿ. "ನಮಸ್ಕಾರ! ನಿಮ್ಮ ಮೆಚ್ಚಿನ ಹಾಡನ್ನು ಈಗ ನಿಮ್ಮ ಮೊಬೈಲಿನಲ್ಲಿ..."

ಬಗ್ಗಿದವರು ಬಗ್ಗಿದಲ್ಲೇ ನಿಂತು ಅವಳನ್ನು ನೋಡುತ್ತಿದ್ದರು. ರೇಣುಕಮ್ಮ ಫೋನನ್ನು ಕಿವಿ ನೋಯುವಷ್ಟು ಒತ್ತಿ ಹಿಡಿದಳು.

"ಹೂಂ, ನಾನ," ಎಂದಳು. "ಎಲ್ಲಿ ಅದೀರಿ?"

"ಹೊಸ ಹಾಡುಗಳಿಗಾಗಿ ಸ್ಟಾರ್ ಒತ್ತಿ..."

"ಕೊಪ್ಪಳ ದಾಟೀರಿ? ಬಸ್ಸಿನ್ಯಾಗೋ, ಲಾರ‍್ಯಾಗೋ?... ಹೂಂ... ಭಾವಾರು ಇಲ್ಲೇ ಅದಾರ. ಏನೂ ಮಾಡಂಗಿಲ್ಲ, ನೀವು ಬರೂತನಾ ಏನೂ ಮಾಡಂಗಿಲ್ಲ."

ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಮಾತು ತಾನಾಗಿ ಬರುತ್ತಿತ್ತು. ಹುಡುಗಿ ತನ್ನ ಪಾಠ ಒಪ್ಪಿಸಿದಳು, ಧನ್ಯವಾದ ಅಂದಳು, ಹೋದಳು. ಕಿವಿಯಲ್ಲಿ ಏನೂ ಉಳಿಯಲಿಲ್ಲ. ಆ ಬರಿದಾದ ಫೋನಿಗೇ ರೇಣುಕಮ್ಮ, "ಲಗೂ ಬರ್ರೀ... ನಿಮ್ಮ ಕೈ ಮುಗಿತೀನಿ, ಲಗೂ ಬರ್ರಿ," ಎಂದಳು. ಅಷ್ಟು ಮಾತ್ರ ನಾಟಕವಾಗಿರಲಿಲ್ಲ. ಅವಳಿಗೆ ಅಳು ಬಂತು.

ಅಂದಪ್ಪ ಅವಳ ಮಗ್ಗುಲಲ್ಲೇ ನಿಂತಿದ್ದ. ಸ್ವಲ್ಪ ಹೊತ್ತು ಅವಳನ್ನೇ ನೋಡಿದ.

"ಬಿಡ್ರೆಪಾ," ಎಂದ. "ಕೊಪ್ಪಳ ದಾಟ್ಯಾನಂತ. ಭಜನಿ ನಡೀಲಿ."

ಕೊಪ್ಪಳ ದಾಟಿದವನು ಬರಲಿಲ್ಲ. ಯಲಬುರ್ಗಾದಿಂದ ಬರುವ ಬಸ್ಸು ಬಂತು. ಅಂಜಲಿ ಓಡಿಹೋಗಿ ಒಬ್ಬಳೇ ತಿರುಗಿ ಬಂದಳು. ಕುಷ್ಟಗಿಯ ಬೀಗರು ಹೆಣಕ್ಕೆ ಕೈ ಮುಗಿದು, ಯಾರ ಮುಖವನ್ನೂ ನೋಡದೆ ಅದೇ ಬಸ್ಸಿಗೆ ಹೋದರು. ಶೇಖರಮ್ಮನ ಮೊಮ್ಮಗು ಅತ್ತೂ ಅತ್ತೂ ದನಿ ಬಿದ್ದು ಅವಳ ಹೆಗಲ ಮೇಲೆ ಮಲಗಿತ್ತು. ಅದನ್ನು ನೋಡಿದ ಮೇಲೆ ರೇಣುಕಮ್ಮನಿಗೆ ಕೂರಲಾಗಲಿಲ್ಲ. ತನ್ನೊಬ್ಬಳ ಹಟಕ್ಕೆ ಇಡೀ ಓಣಿಯನ್ನು ಉಪವಾಸ ಕೆಡವಿದ್ದಳು. ಎದ್ದು ಹೊರಗಿನ ಕಟ್ಟೆಗೆ ಬಂದು ಅಂದಪ್ಪನ ಕಾಲ ಬಳಿ ಕುಸಿದಳು.

"ಭಾವಾರ, ತಪ್ಪಾತ್ರಿ. ಅವರ ಫೋನ್ ಬಂದಿಲ್ಲ. ಆಗಿನ ಎರಡ ರಿಂಗೂ ಅವರದಲ್ಲ, ಆಮ್ಯಾಲಿಂದೂ ಅವರದಲ್ಲ. ನಾ ಸುಳ್ಳು ಹೇಳಿದ್ನಿ."

ಅಂದಪ್ಪ ರಸ್ತೆಯ ಕಡೆಗೇ ನೋಡುತ್ತಿದ್ದ.

"ಎರಡ ರಿಂಗಿಂದು ಗೊತ್ತಿದ್ದಿಲ್ಲ. ಆಮ್ಯಾಲಿಂದು ಗೊತ್ತಿತ್ತು," ಎಂದ. "ಆ ಹುಡುಗಿ ದನಿ ಹೊರಗ ಕೇಳಿಸ್ತಿತ್ತವಾ. ನನಗೂ ದಿನಾ ಮಾಡ್ತಾಳ. ಹೊಲದಾಗ ಬಿಡೂದಿಲ್ಲ, ತಂಬಿಗಿ ಹಿಡಕೊಂಡು ಹ್ವಾದಲ್ಲೂ ಬಿಡೂದಿಲ್ಲ. ಅಕೀ ದನಿ ನನಗ ತಿಳಿಯಂಗಿಲ್ಲೇನು?"

"ಮತ್ತ ಯಾಕ ಕಾದ್ರಿ?"

"ಕಾಯೂಣು ಅನಿಸ್ತು." ಅಂದಪ್ಪ ಮನೆಯ ಬಾಗಿಲ ಕಡೆ ತಿರುಗಿದ. "ನಿನ್ನ ಗಂಡ ಸಣ್ಣಾವಿದ್ದಾಗ ಚಿಗವ್ವ ಅವನ್ನೊಂದು ತೊಡಿ ಮ್ಯಾಲ, ನನ್ನೊಂದು ತೊಡಿ ಮ್ಯಾಲ ಕುಂದರಸ್ಕೊಂಡು ಉಣಸ್ತಿದ್ಲು. ನೀ ಅಷ್ಟು ಅತ್ತು ಕರ್ಯಾಕತ್ತಿದ್ದಿ. ನಾ ಎದ್ದು ನಿಂತು ಸುಳ್ಳು ಅನ್ಲೇನು?" ಟವೆಲ್ಲಿನಿಂದ ಮೂಗು ಒರೆಸಿಕೊಂಡ. "ಆದ್ರ ಹೊತ್ತು ನಮ್ಮ ಮಾತು ಕೇಳಂಗಿಲ್ಲ. ಏಳವಾ."

ಕರಿ ಮಣ್ಣಿನ ಎರಿ ಹೊಲದ ಬದುವಿನಲ್ಲಿ, ಮಾವನ ಪಕ್ಕದಲ್ಲೇ ಕುಣಿ ತೋಡಿದ್ದರು. ಮುದಕಮ್ಮನನ್ನು ಇಳಿಸಿ ಕೂರಿಸಿದರು. ಮಗನ ಬದಲಿಗೆ ಅಂದಪ್ಪ ಮೂರು ಹಿಡಿ ಮಣ್ಣು ಹಾಕಿದ; ಹಾಕುವಾಗ ಕುಣಿಯ ಕಡೆ ನೋಡಲಿಲ್ಲ. ಆಮೇಲೆ ಸಲಿಕೆಗಳು ಸುರುವಾದವು. ಕರಿ ಮಣ್ಣು ಹೆಂಟೆ ಹೆಂಟೆಯಾಗಿ ಬೀಳುವ ಸದ್ದಿಗೆ ಅಂಜಲಿ ಕಿವಿ ಮುಚ್ಚಿಕೊಂಡಳು. ರೇಣುಕಮ್ಮ ನೋಡುತ್ತಲೇ ನಿಂತಳು. ನನ್ನ ಕೈಲಾದದ್ದು ಇಷ್ಟೇ ಅತ್ತಿ, ಅಂದುಕೊಂಡಳು. ಮೊದಲು ಸೀರೆಯ ಬಣ್ಣ ಮುಚ್ಚಿತು, ಆಮೇಲೆ ಹೂವು.

ರೇಣುಕಮ್ಮನ ಸೊಂಟದಲ್ಲಿ ಫೋನು ಹೊಡೆದುಕೊಂಡಿತು.

"ಅದರ ಬಾಯಾಗ ಮಣ್ಣ ಹಾಕ," ಎಂದು ಸಲಿಕೆ ಹಿಡಿದವನೊಬ್ಬ ರೇಗಿದ. "ಸುಡಗಾಡಿಗೂ ಬಂತಲ್ಲ ಕಂಪನಿ! ಬಂದ್ ಮಾಡವಾ ಅದನ್ನ."

ಗೊತ್ತಿಲ್ಲದ ನಂಬರು. ರೇಣುಕಮ್ಮನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು. ಇವತ್ತು ಇನ್ನೊಮ್ಮೆ ಆ ಜೇನಿನ ದನಿ ಕೇಳಿದರೆ ತನಗೆ ಹುಚ್ಚೇ ಹಿಡಿಯುತ್ತದೆ ಅನಿಸಿತು.

"ಎತ್ತು," ಎಂದ ಅಂದಪ್ಪ.

ಎತ್ತಿದಳು. ನಮಸ್ಕಾರಕ್ಕೆ ಕಾದಳು. ನಮಸ್ಕಾರ ಬರಲಿಲ್ಲ. ಲಾರಿಯ ಹಾರ್ನು ಕೇಳಿತು, ಗಾಳಿ ಕೇಳಿತು, ಓಡಿ ಬಂದವನ ಏದುಸಿರು ಕೇಳಿತು.

"ಏ, ನಾನ. ಕೇಳ್ತೈತೇನ? ಸುದ್ದಿ ತಡಾ ಆಗಿ ಮುಟ್ತು. ಹಿಟ್ನಾಳ ಕ್ರಾಸಿನ್ಯಾಗ ಅದೀನಿ, ಲಾರಿ ಸಿಕ್ಕೈತಿ, ಬರಾಕತ್ತೀನಿ. ಅವ್ವಗ ಹೆಂಗೈತಿ?"

ಫೋನಿನಲ್ಲಿ ಇಲ್ಲದ ಗಂಡನೊಂದಿಗೆ ಅಷ್ಟೊಂದು ಮಾತಾಡಿದ್ದಳು. ಇರುವ ಗಂಡನಿಗೆ ಒಂದು ಮಾತೂ ಹೊರಡಲಿಲ್ಲ. ಕುಣಿ ಅರ್ಧಕ್ಕೆ ಬಂದಿತ್ತು. ಮುದಕಮ್ಮನ ಗುರುತು ಒಂದೂ ಕಾಣುತ್ತಿರಲಿಲ್ಲ. ರೇಣುಕಮ್ಮನ ಮುಖ ನೋಡಿದ್ದೇ ಅಂದಪ್ಪನಿಗೆ ಅದು ಕನಕಪ್ಪನೇ ಎಂದು ತಿಳಿಯಿತು. ಪಕ್ಕದವನ ಕೈಯಿಂದ ಸಲಿಕೆ ಕಿತ್ತುಕೊಂಡು ಮಣ್ಣಿನ ರಾಶಿಯಲ್ಲಿ ನೆಟ್ಟ.

"ನಿಲ್ಲಸ್ರಿ," ಎಂದ. "ಎಲ್ಲಾರೂ ನಿಲ್ಲಸ್ರಿ."

"ಕೇಳ್ತೈತೇನ? ಅವ್ವಗ ಹೆಂಗೈತಿ ಅಂದ್ನಿ!"

"ಬರ್ರಿ," ಎಂದಳು ರೇಣುಕಮ್ಮ. "ಇನ್ನೂ ಮಣ್ಣು ಉಳದೈತಿ."

ಅತ್ತ ಕಡೆ ಲಾರಿಯ ಇಂಜಿನ್ನಿನ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಅದೂ ಕಟ್ಟಾಯಿತು.

ಸಲಿಕೆಯವರು ಕೈ ಜಾಡಿಸಿಕೊಂಡು ಬದುವಿನ ಮೇಲೆ ಸಾಲಾಗಿ ಕೂತರು. ಶೇಖರಮ್ಮ ಹೆಂಗಸರನ್ನು ಕರೆದು, ನಡೀರಿ, ಒಲಿ ಹಚ್ಚೂಣು, ಮಕ್ಕಳು ಉಣ್ಣಲಿ, ಎಂದು ಊರ ಕಡೆ ಕರೆದುಕೊಂಡು ಹೋದಳು. ಹೊತ್ತು ಮುಳುಗಿ ಎರಿಯ ಮೇಲೆ ತಣ್ಣನೆಯ ಗಾಳಿ ಎದ್ದಿತು. ರಾಶಿಯ ತುದಿಯಿಂದ ಪುಡಿ ಮಣ್ಣು ಜಾರಿ ಜಾರಿ ಕುಣಿಗೆ ಇಳಿಯತೊಡಗಿತು. ಅಂದಪ್ಪ ತಲೆಯ ರುಮಾಲು ಬಿಚ್ಚಿ, ಜಾಡಿಸಿ, ಕನಕಪ್ಪನಿಗೆ ಉಳಿಸಿದ ಆ ರಾಶಿಯ ಮೇಲೆ ಉದ್ದಕ್ಕೆ ಹೊದಿಸಿದ. ಹಾರಿ ಹೋಗದಂತೆ ಅದರ ನಾಲ್ಕು ಅಂಚಿಗೂ ಒಂದೊಂದು ಹೆಂಟೆ ಇಟ್ಟ.