ಅಮೋಸ್ ಟಕೆಟ್ ಓಡಿಸಿದ ಸಾರೋಟು

ತಂಗುಮನೆಯ ಒಡತಿ ಥಾಮಸಿನ್ ಎತ್ತಿ ಹಿಡಿದ ಬಿಸಿ ಏಲ್ ಮದ್ಯದ ಬಟ್ಟಲಿಗೆ ಸಾರಥಿ ಅಮೋಸ್ ಕೈ ಚಾಚಲಿಲ್ಲ. ಎಕ್ಸೆಟರ್ ಊರಿನ ಸಾರೋಟು ಎಂದಿನಂತೆ ಹೆಬ್ಬಾಗಿಲ ಕಮಾನಿನೊಳಗೆ ನುಗ್ಗಿ, ಬ್ಲ್ಯಾಕ್ ಸ್ವಾನ್ ತಂಗುಮನೆಯ ಅಂಗಳದಲ್ಲಿ ಅದೇ ಜಾಗಕ್ಕೆ ಬಂದು ನಿಂತಿತ್ತು. ಆ ಚಳಿಯಲ್ಲಿ ಸಾರೋಟಿನ ಮಾಡಿನ ಮೇಲೆ ಕೂರಲು ಯಾರೂ ಒಪ್ಪದೆ ಪ್ರಯಾಣಿಕರೆಲ್ಲ ಒಳಗೆ ಸೇರಿಕೊಂಡಿದ್ದರು. ಹೊರಗೆ ಸಾರಥಿಯೊಬ್ಬನೇ.

"ಏನಪ್ಪಾ ಅಮೋಸ್, ರಾಜನ ಹಂಗೆ ಕೂತ್ಬಿಟ್ಟೆ. ನಾನೇ ಬಂದು ಕುಡಿಸ್ಬೇಕಾ?" ಎಂದು ಒಡತಿ ಛೇಡಿಸಿದಳು.

ಕೆಳಗೆ ಜೆಥ್ರೊ ಕುದುರೆ ಬಿಚ್ಚಲು ಬಂದಿದ್ದ. ಅವನು ಅಮೋಸನ ಒಡಹುಟ್ಟಿದ ತಮ್ಮ, ಇಲ್ಲಿಯ ಲಾಯದ ಆಳು. ಅಪ್ಪ ಸತ್ತ ಮಾರನೆಯ ವಾರವೇ ಅಪ್ಪನ ಹೆಣ್ಣುಕುದುರೆಯನ್ನು ಅಣ್ಣ ಮಾರಿಬಿಟ್ಟಿದ್ದ. ಅಂದಿನಿಂದ ಜೆಥ್ರೊ ಅವನ ಮುಖ ನೋಡಿರಲಿಲ್ಲ. ದಿನವೂ ಅವನ ಕುದುರೆಗಳನ್ನು ಬಿಚ್ಚುವನು, ಬೇರೆಯವನ್ನು ಕಟ್ಟುವನು, ತಲೆ ಎತ್ತದೆ ಹೋಗುವನು. ದಿನವೂ ಸಾರೋಟು ನಿಂತೊಡನೆ ಅಣ್ಣ ಕೆಳಗೆಸೆಯುವ ಲಗಾಮು ಇವತ್ತು ಬೀಳಲಿಲ್ಲ.

"ಲಗಾಮು ಬಿಡೋಕೆ ಹೇಳಿ ಅಮ್ಮ ಅವನಿಗೆ," ಎಂದ, ಕುದುರೆಯ ಕಡೆಗೇ ನೋಡುತ್ತ.

ಥಾಮಸಿನ್ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಅಮೋಸನ ಮೊಣಕಾಲು ಮುಟ್ಟಿದಳು. ಮರದ ಹಾಗಿತ್ತು. ಹುಬ್ಬು, ರೆಪ್ಪೆಗಳೆಲ್ಲ ಹಿಮ ಕಟ್ಟಿ ಬೆಳ್ಳಗೆ. ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ. ಬಟ್ಟಲು ಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು.

ಸದ್ದಿಗೆ ಒಳಗಿದ್ದ ಪಾದ್ರಿಯೊಬ್ಬರು ಕಿಟಕಿ ಇಳಿಸಿ, ಏಕೆ ತಡವೆಂದು ಕೇಳಿದರು. ಸಾರಥಿಯನ್ನು ಬೈಯಬೇಡಿ ಎಂದೂ ಸೇರಿಸಿದರು. "ಇಷ್ಟು ಹದವಾಗಿ ಅವನು ಯಾವತ್ತೂ ಓಡಿಸಿಲ್ಲ, ಕಣಮ್ಮ. ಗುಡ್ಡ ಇಳಿದದ್ದೇ ಗೊತ್ತಾಗಲಿಲ್ಲ ನಮಗೆ."

ಥಾಮಸಿನ್ ಕುದುರೆಗಳತ್ತ ತಿರುಗಿದಳು. ಗುಡ್ಡ ಇಳಿಸಿದವರು ಯಾರು? ಬೆವರಿದ ನಾಲ್ಕು ಕುದುರೆಗಳೂ ಹಬೆಯಾಡುತ್ತ, ಮೇವಿಗಾಗಿ ತಲೆ ಕೊಡವುತ್ತ ನಿಂತಿದ್ದವು.

ಜೆಥ್ರೊ ಆಗ ತಲೆ ಎತ್ತಿದ. ಅಣ್ಣನ ಮುಖ ನೋಡಿದ. ಆಮೇಲೆ ಮೇಲೇರಿ ಅಣ್ಣನ ಪಕ್ಕ ಕುಳಿತ. ಲಗಾಮನ್ನು ಕತ್ತರಿಸೋಣವೆಂದು ಯಾರೋ ಚಾಕು ತಂದರು. ಅವನು ಬೇಡವೆಂದು ಕೈಸನ್ನೆ ಮಾಡಿದ. ಲಗಾಮು ಹಿಡಿದೇ ಸೆಟೆದ ಅಣ್ಣನ ಬೆರಳುಗಳ ಮೇಲೆ ಬಾಯಿಯಿಟ್ಟು ಉಸಿರು ಬಿಡುತ್ತ, ಒಂದೊಂದಾಗಿ ಸಡಿಲಿಸತೊಡಗಿದ.

"ಬಿಡಣ್ಣ," ಎಂದ. "ಬಂದಾಯ್ತು. ಕುದುರೆ ನಾನು ನೋಡ್ಕೋತೀನಿ."

ಅಮೋಸನನ್ನು ಕೂತ ಭಂಗಿಯಲ್ಲೇ ಹೊತ್ತು ತಂದು ಅಡುಗೆಮನೆಯ ಒಲೆಯ ಮುಂದೆ ಇಟ್ಟರು. ಕಾವಿಗೆ ಹುಬ್ಬಿನ ಹಿಮ ಕರಗಿ ಅಮೋಸನ ಕೆನ್ನೆಯ ಮೇಲೆ ಇಳಿಯತೊಡಗಿತು. ಜೆಥ್ರೊ ಅಂಗಿಯ ತೋಳಿನಿಂದ ಒರೆಸಿದ. ಮತ್ತೆ ಇಳಿಯಿತು. ಮತ್ತೆ ಒರೆಸಿದ.