ಮೊರಪ್ಪೂರಿನಲ್ಲಿ ಎತ್ತದ ಆರತಿ

ಮೊರಪ್ಪೂರು ಸ್ಟೇಷನ್ನಿನಲ್ಲಿ ಆ ಬೆಳಗ್ಗೆ ಎಂಥ ಗದ್ದಲ ಅಂತೀರಿ! ಓಲಗದವರು ಊದಿ ಊದಿ ಕೆನ್ನೆ ಉಬ್ಬಿಸಿಕೊಂಡಿದ್ದರು. ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಸ್ಟೇಷನ್ ಮಾಸ್ಟರ್ ಲಕ್ಷ್ಮಣನ್ "ತಳ್ಳಿ ನಿಲ್ಲುಂಗೊ" ಎಂದು ತಮಿಳಿನಲ್ಲಿ ಕೂಗಿ ಜನರನ್ನು ಹಿಂದಕ್ಕೆ ಅಟ್ಟಿ ಅಟ್ಟಿ ಗಂಟಲು ಕಟ್ಟಿಸಿಕೊಂಡಿದ್ದರು. ಮೆಟ್ಟೂರು ಅಣೆಕಟ್ಟು ಮುಗಿದ ಮಾರನೆಯ ವರ್ಷ ಅದು. ಸೇಲಂ ಕಡೆಯಿಂದ ಬರುವ ರೈಲಿನಲ್ಲಿ ಮಠದ ಗುರುಗಳು ಬರುವವರಿದ್ದರು. ಹರೂರಿನಿಂದೀಚೆಯ ಕನ್ನಡ ಮಾತಿನ ಹಳ್ಳಿಗಳೆಲ್ಲ ಗಾಡಿ ಕಟ್ಟಿಕೊಂಡು ಬಂದುಬಿಟ್ಟಿದ್ದವು.

ಹಿತ್ತಾಳೆ ತಟ್ಟೆ ಹಿಡಿದ ಹೆಂಗಸರೆಲ್ಲರ ಮುಂದೆ ನಿಂತವಳು ಮುತ್ಯಾಲಮ್ಮ. ಮೊದಲ ಆರತಿ ಅವಳ ಮನೆಯ ಹಕ್ಕು. ಗಂಡ ನಾರಪ್ಪನ ತಾತ ಮಠದ ಪಾಠಶಾಲೆಗೆ ಜಾಗ ಬಿಟ್ಟುಕೊಟ್ಟ ಕಾಲದಿಂದ ನಡೆದುಬಂದದ್ದು. ಆ ಮನೆಯ ಮುತ್ತೈದೆ ಆರತಿ ಎತ್ತಿ, ಕೆಂಪು ನೀರನ್ನು ಚೆಲ್ಲುವ ತನಕ ಗುರುಗಳ ಪಾದ ಈ ಸೀಮೆಯ ನೆಲ ಮುಟ್ಟುವಂತಿಲ್ಲ. ಹಿಂದೊಮ್ಮೆ ಅವಳ ಅತ್ತೆ ಬರುವುದು ತಡವಾಯಿತೆಂದು ಆಗಿನ ಗುರುಗಳು ಬಿಸಿಲು ನೆತ್ತಿಗೇರುವವರೆಗೂ ಪಲ್ಲಕ್ಕಿಯಲ್ಲೇ ಕೂತಿದ್ದರಂತೆ. ಅಂಥ ಕಟ್ಟು ಅದು.

ಮುತ್ಯಾಲಮ್ಮನ ಎದೆ ಡವಡವ ಬಡಿದುಕೊಳ್ಳುತ್ತಿತ್ತು. ನೋಡಿದವರು ಭಕ್ತಿ ಎಂದುಕೊಂಡರು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ! ಆರತಿ ಎತ್ತುವುದಿಲ್ಲವೆಂದು ತೀರ್ಮಾನ ಮಾಡಿಯೇ ಅವಳು ಮನೆ ಬಿಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಆ ಪುಣ್ಯಾತ್ಮ ಅವಳನ್ನು ಒಳಗೆ ಕೂಡಿ ಅಗುಳಿ ಹಾಕುತ್ತಿದ್ದ.

ಇದಕ್ಕೆಲ್ಲ ಕಾರಣ ಅವಳ ಮಗ ಮಾದಪ್ಪ. ಬಲಗೈಯನ್ನು ಅವ್ವನ ಸೆರಗಿನ ಮರೆಯಲ್ಲಿಟ್ಟುಕೊಂಡು ಅಲ್ಲೇ ಒತ್ತಿ ನಿಂತಿದ್ದ. ಮಠದ ಪಾಠಶಾಲೆಯಲ್ಲಿ ಗೋಪಾಲಪ್ಪ ಅಂತ ಒಬ್ಬ ಉಪಾಧ್ಯಾಯ. ಮಗ್ಗಿ ತಪ್ಪಿತೆಂದು ಹುಡುಗನನ್ನು ಕೋದಂಡಕ್ಕೆ ಏರಿಸಿದ. ಅಂದರೆ ಎರಡೂ ಕೈಗೆ ಹಗ್ಗ ಬಿಗಿದು ತೊಲೆಗೆ ನೇತುಹಾಕಿದ. ಏರಿಸಿದವನು ಇಳಿಸಬೇಕೋ ಬೇಡವೋ? ಉಂಡು ಮಲಗಿಬಿಟ್ಟ, ಪಾಪಿ! ಅವನಿಗೆ ಎಚ್ಚರವಾಗುವ ಹೊತ್ತಿಗೆ ಹುಡುಗನ ಮಣಿಕಟ್ಟು ತಿರುಚಿಹೋಗಿತ್ತು.

ಮಾದಪ್ಪ ಅಳುತ್ತ ಹೋಗಿ ಪಾರುಪತ್ಯಗಾರ ಚಿನ್ನಪ್ಪನಿಗೆ ಹೇಳಿದ. ಪಾಠಶಾಲೆಯ ಆಡಳಿತವೆಲ್ಲ ಅವನ ಕೈಯಲ್ಲಿ. ಅವನು ಮಾಡಿದ್ದೇನು ಗೊತ್ತೆ? ಗುರುನಿಂದೆ ಮಹಾಪಾಪ ಎಂದು ಹೆದರಿಸಿ, ಎಲ್ಲ ಹುಡುಗರ ಮುಂದೆ ನಿಲ್ಲಿಸಿ, "ನಾನು ಸುಳ್ಳು ಹೇಳಿದೆ, ಹುಣಸೆಮರದಿಂದ ಬಿದ್ದೆ" ಎಂದು ಮಾದಪ್ಪನ ಬಾಯಿಂದಲೇ ಹೇಳಿಸಿ ಮನೆಗೆ ಅಟ್ಟಿದ. ಗೋಪಾಲಪ್ಪನನ್ನು ದೊಡ್ಡ ಹುಡುಗರ ತರಗತಿಯಿಂದ ತೆಗೆದು ಚಿಕ್ಕ ಮಕ್ಕಳ ತರಗತಿಗೆ ಹಾಕಿದ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ತಾನೆ?

ನಾರಪ್ಪ ಹೋಗಿ ಕೇಳಿದಾಗಲೆಲ್ಲ, "ಗುರುಗಳ ಸವಾರಿ ಮುಗೀಲಿ, ಆಮ್ಯಾಕೆ ನೋಡಾನ" ಎಂಬ ಉತ್ತರ. ಅಷ್ಟರಲ್ಲಿ ಊರ ಮಕ್ಕಳು ಮಾದಪ್ಪನನ್ನು 'ಸುಳ್ಳ' ಎಂದೇ ಕರೆಯತೊಡಗಿದ್ದರು. ಕೈ ಸೊಟ್ಟಗಾದರೆ ಇನ್ನೊಂದು ಕೈಯಲ್ಲಾದರೂ ಬದುಕಿಕೊಂಡಾನು, ಆ ಹೆಸರು ಹೊತ್ತು ಹೇಗೆ ಬದುಕುತ್ತಾನೆ? ಎಲ್ಲರ ಮುಂದೆ ಹಚ್ಚಿದ ಮಸಿ ಎಲ್ಲರ ಮುಂದೆಯೇ ತೊಳೆಯಬೇಕು. ಮುತ್ಯಾಲಮ್ಮನಿಗೆ ಬೇಕಿದ್ದದ್ದು ಅದು.

ಕೂ ಎಂದಿತು ರೈಲು! ಹೊಗೆ, ಓಲಗ, ಜಯಕಾರ, ಎಲ್ಲ ಒಟ್ಟಿಗೆ. ಗುರುಗಳ ಡಬ್ಬಿ ಸರಿಯಾಗಿ ತೋರಣದ ಎದುರಿಗೇ ಬಂದು ನಿಂತಿತು. ಇಂಜಿನ್ನಿಗೆ ನೀರು ತುಂಬುವಷ್ಟು ಹೊತ್ತು ಮಾತ್ರ ಇಲ್ಲಿ ನಿಲುಗಡೆ. ಪಾಠಶಾಲೆಯ ಹುಡುಗರು ಒಗೆದ ಪಂಚೆ ಉಟ್ಟು ಸಾಲಾಗಿ ನಿಂತು ಸ್ವಾಗತದ ಹಾಡು ಶುರುಮಾಡಿದರು. ಅವರ ಹಿಂದೆ ಗೋಪಾಲಪ್ಪ, ಹೊಸ ಶಲ್ಯ ಹೊದ್ದು ತಾಳ ಹಾಕುತ್ತಿದ್ದ. ಡಬ್ಬಿಯ ಬಾಗಿಲಲ್ಲಿ ಕಾವಿ ಕಂಡಿತು. ಬಿಳಿಗಡ್ಡದ ಗುರುಗಳು ಒಂದು ಪಾದ ಮೆಟ್ಟಿಲ ಮೇಲಿಟ್ಟು ಆರತಿಗೆ ಕಾದು ನಿಂತರು.

"ಎತ್ತಮ್ಮಾ ಆರತಿ!" ಎಂದ ಚಿನ್ನಪ್ಪ.

ಮುತ್ಯಾಲಮ್ಮ ಕದಲಲಿಲ್ಲ.

"ಲೇ ಮುತ್ಯಾಲಿ, ಎತ್ತೇ! ವಂಡಿ ಒಂಟೋಯ್ತದೆ!" ಎಂದು ನಾರಪ್ಪ ಹಿಂದಿನಿಂದ ಅವಳ ಮೊಣಕೈ ತಿವಿದ.

"ಓಗ್ಲಿ ಬುಡಿ. ಜೋಲಾರಪೇಟೆಗಾದ್ರೂ ಓಗ್ಲಿ. ನಾನು ಎತ್ತಾಕಿಲ್ಲ."

ಓಲಗ ಗಕ್ಕನೆ ನಿಂತಿತು. ಚಿನ್ನಪ್ಪ ಪಕ್ಕದಲ್ಲಿದ್ದ ಎಲ್ಲಮ್ಮನ ಕಡೆ ತಿರುಗಿ, "ನೀನೆತ್ತು ತಾಯಿ, ಬೇಗ, ಸೀಕ್ರಂ!" ಎಂದ. ಎಲ್ಲಮ್ಮ ಮುತ್ಯಾಲಮ್ಮನ ನೆರೆಮನೆಯವಳು. ಅವಳ ಮಗ ಪಾಪಣ್ಣ ಈಗ ಗೋಪಾಲಪ್ಪನ ಚಿಕ್ಕ ತರಗತಿಯಲ್ಲೇ ಇದ್ದ. ಅವಳು ಸೆರಗಿನ ಮರೆಯಲ್ಲಿದ್ದ ಮಾದಪ್ಪನ ಕೈಯ ಕಡೆ ನೋಡಿದಳು, ಹಾಡಿನ ಸಾಲಿನಲ್ಲಿ ನಿಂತಿದ್ದ ತನ್ನ ಮಗನನ್ನು ನೋಡಿದಳು. ಆಮೇಲೆ ದೀಪ ಉರಿಯುತ್ತಿದ್ದ ತನ್ನ ತಟ್ಟೆಯನ್ನು ಮೆಲ್ಲನೆ ನೆಲದ ಮೇಲಿಟ್ಟಳು.

"ದೀಪ ಆರ್ಸಬಾರ್ದು, ಕೆಟ್ಟದ್ದು. ಕೆಳಕ್ಕಿಕ್ಕಿವ್ನಿ ನೋಡಪ್ಪಾ," ಎಂದಳು.

ಅವಳ ಪಕ್ಕದವಳೂ ಇಟ್ಟಳು. ಆಕೆಯ ಪಕ್ಕದವಳೂ. ಅಬ್ಬಬ್ಬಾ, ನೋಡನೋಡುತ್ತ ತಟ್ಟೆಗಳೆಲ್ಲ ನೆಲ ಕಂಡವು! ಒಬ್ಬಳೇ ಬೈಸಿಕೊಳ್ಳಲು ಬಂದಿದ್ದ ಮುತ್ಯಾಲಮ್ಮನಿಗೆ ಇಷ್ಟು ಜನ ಜೊತೆಯಾದರೆ ಇನ್ನೇನಾಗಬೇಕು?

"ಏನಮ್ಮಾ ಇದು?" ಗುರುಗಳು ಮೆಟ್ಟಿಲ ಮೇಲಿನಿಂದಲೇ ಕೇಳಿದರು.

ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಟ್ಟಳು ಮುತ್ಯಾಲಮ್ಮ. ಕೋದಂಡ, ತೊಲೆ, ಹಗ್ಗ, ಹೇಳಿಸಿದ ಸುಳ್ಳು, ಎಲ್ಲ. "ನಿಮ್ಮ ಶಾಲೆ ಅಯ್ಯನೋರೊಬ್ರು" ಎಂದಳೇ ಹೊರತು ಹೆಸರೆತ್ತಲಿಲ್ಲ. ಆದರೂ ಗೋಪಾಲಪ್ಪ ಹುಡುಗರ ಹಿಂದೆ ಬಗ್ಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು.

"ಎಂಗಸ್ರ ಮಾತು ಬುದ್ದೀ," ಎಂದು ಚಿನ್ನಪ್ಪ ಕೈಮುಗಿದ. "ಬೇಕಾದ್ರೆ ಆ ಹುಡ್ಗನ್ನೇ ಕೇಳಿ."

ಗುರುಗಳು ಮಾದಪ್ಪನನ್ನು ಹತ್ತಿರ ಕರೆದರು. "ಕೈಗೆ ಏನಾಯಿತು ಮಗು?"

ಮಾದಪ್ಪ ಗೋಪಾಲಪ್ಪನ ಕಡೆ ನೋಡಿದ. ಕೈಕಟ್ಟಿ ನಿಂತು, ಒಂದೇ ಉಸಿರಿಗೆ ಒಪ್ಪಿಸಿದ:

"ನಾನು ಸುಳ್ಳು ಹೇಳಿದೆ, ಹುಣಸೆಮರದಿಂದ ಬಿದ್ದೆ."

ಅಯ್ಯೋ ಶಿವನೇ! ಚಿನ್ನಪ್ಪ "ಕೇಳುದ್ರಾ ಎಲ್ರೂ?" ಎಂದು ಜನರ ಕಡೆ ತಿರುಗಿ ನಕ್ಕ. ಅತ್ತ ಇಂಜಿನ್ನಿನಿಂದ ನೀರಿನ ಕೊಳವೆ ಸರಿದಾಗಿತ್ತು. ಗಾರ್ಡು ಹಸಿರು ಬಾವುಟ ಹಿಡಿದಿದ್ದ. "ಅಮ್ಮಾ, ವಂಡಿ ಪೋಗಣುಂ!" ಎಂದು ಲಕ್ಷ್ಮಣನ್ ಗೋಳಾಡುತ್ತಿದ್ದರು.

ಮುತ್ಯಾಲಮ್ಮ ಮಗನನ್ನು ಬೈಯಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ಗುರುಗಳ ಮುಖವನ್ನೇ ನೋಡಿದಳು.

"ನಿಮ್ ಶಾಲೇಲಿ ಕಲ್ಸಿದ್ ಪಾಠ ಬುದ್ದೀ. ಎಂಗೆ ಒಪ್ಪಿಸ್ದ ನೋಡಿ. ಮಗ್ಗಿ ಮರ್ತ, ಇದನ್ನ ಮರೀನಿಲ್ಲ."

ಸೀಟಿ ಕೂಗಿತು. ಆಗ ನಡೆಯಿತು ನೋಡಿ, ಆ ಸೀಮೆಯಲ್ಲಿ ಯಾರೂ ಕಂಡಿರದದ್ದು! ಆರತಿಯಿಲ್ಲದೆ, ಕೆಂಪು ನೀರಿಲ್ಲದೆ, ಆ ಮುದಿ ಗುರುಗಳು ಬರಿಗಾಲನ್ನು ಜಲ್ಲಿಯ ಮೇಲಿಟ್ಟು ಕೆಳಗಿಳಿದುಬಿಟ್ಟರು. ಜನ ಹೋ ಎಂದರು. ರೈಲು ಹೊರಟಿತು. ಒಳಗಿದ್ದ ಶಿಷ್ಯ ಪೂಜೆಯ ಪೆಟ್ಟಿಗೆ, ಗಂಟು, ಕಮಂಡಲ ಎಲ್ಲವನ್ನೂ ಹೊರಗೆಸೆದು ಕೊನೆಗೆ ತಾನೂ ಹಾರಿದ.

"ಚಿನ್ನಪ್ಪ ನನಗೆ ತಿಳಿಸಿದ್ದ," ಎಂದರು ಗುರುಗಳು. "ಮಠದ ಹೆಸರು ಕೆಡುತ್ತದೆ, ಸವಾರಿ ಮುಗಿಯುವವರೆಗೆ ಮುಚ್ಚಿಡು ಎಂದವನು ನಾನೇ ತಾಯಿ."

ಗುರುಗಳಿಗೆ ಗೊತ್ತಿರಲಾರದು ಎಂದುಕೊಂಡಿದ್ದಳು ಮುತ್ಯಾಲಮ್ಮ. ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

"ಮೆತ್ತಗೆ ಯೋಳ್ಬ್ಯಾಡಿ. ನನ್ ಮಗನ ಕೈಲಿ ಎಲ್ರ ಮುಂದೆ ಯೋಳ್ಸುದ್ರಿ. ನೀವೂ ಅಂಗೇ ಯೋಳಿ."

"ಲೇ!" ಎಂದ ನಾರಪ್ಪ. ಗುರುಗಳು ಅವನನ್ನು ಕೈಸನ್ನೆಯಲ್ಲಿ ತಡೆದು, ಜನರ ಕಡೆ ತಿರುಗಿ, ಸ್ಟೇಷನ್ನಿನ ಆಚೆ ತುದಿಗೂ ಕೇಳುವಂತೆ ಹೇಳಿದರು. "ಈ ಹುಡುಗ ನಿಜ ಹೇಳಿದ. ಸುಳ್ಳು ಹೇಳಿದವರು ನಾವು. ಗೋಪಾಲಪ್ಪ ಇನ್ನು ಪಾಠಶಾಲೆಯ ಹೊಸಿಲು ಮೆಟ್ಟಕೂಡದು. ಚಿನ್ನಪ್ಪ, ಬೀಗದ ಕೈ ಇಲ್ಲಿ ಕೊಡು. ಹರೂರು ಪೊಲೀಸಿನವರ ಮುಂದೆ ನನಗೆ ತಿಳಿದದ್ದನ್ನು ನಾನೇ ಹೇಳುತ್ತೇನೆ."

ಗೋಪಾಲಪ್ಪ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಯಾರು ಹಿಡಿದರು ಅಂತೀರಿ? ನಾರಪ್ಪ! ಇರುವೆಗೂ ದಾರಿ ಬಿಟ್ಟು ನಡೆಯುವ ನಾರಪ್ಪ ಅವನ ಶಲ್ಯ ಹಿಡಿದೆಳೆದು, "ಎಲ್ಗೆ ಅಯ್ಯನೋರೆ? ಪೊಲೀಸ್ನೋರು ಬರಾಗಂಟ ಇಲ್ಲೇ ಇರಿ," ಎಂದ.

ಮಾದಪ್ಪ ಸೊಟ್ಟ ಕೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದ. "ನಾನು ಮರದಿಂದ ಬೀಳ್ನಿಲ್ಲ. ಅಯ್ಯನೋರು ಕೋದಂಡಕ್ಕೆ ಏರ್ಸುದ್ರು," ಎಂದ, ಈ ಸಲ ಒಪ್ಪಿಸುವ ಧ್ವನಿಯಲ್ಲಲ್ಲ.

ಹಾಡುವ ಹುಡುಗರ ಸಾಲಿನಿಂದ ಸಣ್ಣದೊಂದು ದನಿ ಬಂತು.

"ನನ್ನೂವೆ ಏರ್ಸುದ್ರು."

ಎಲ್ಲಮ್ಮನ ಮಗ ಪಾಪಣ್ಣ. ಎಲ್ಲಮ್ಮ ಓಡಿಹೋಗಿ ಅವನ ಅಂಗಿಯ ತೋಳು ಸರಿಸಿದಳು. ಮುಂಗೈಯಲ್ಲಿ ಹಗ್ಗದ ಬಾಸುಂಡೆ. "ಅಯ್ಯೋ ನನ್ನಪ್ಪಾ! ದಿನಾ ನನ್ ಮಗ್ಗುಲಲ್ಲೇ ಮಲಗ್ತೀಯಲ್ಲೋ! ಯಾಕೋ ಯೋಳ್ನಿಲ್ಲ?"

"ಯೋಳಿದ್ರೆ ನಾನೂ ಸುಳ್ಳ ಆಯ್ತಿದ್ದೆ ಅಲ್ವಾ ಅವ್ವಾ?"

ಗುರುಗಳು ಜಲ್ಲಿಯ ಮೇಲೆ ಕುಸಿದು ಕೂತರು. ಸಾಲಿನಲ್ಲಿ ಇನ್ನೊಂದು ಕೈ ಮೇಲೆದ್ದಿತು, ಆಮೇಲೆ ಮತ್ತೊಂದು. ಮುತ್ಯಾಲಮ್ಮ ಹೋಗಿ ಮಕ್ಕಳ ಪಕ್ಕದಲ್ಲಿ ನಿಂತಳು.

"ಯೋಳ್ರೋ ಮಕ್ಳಾ," ಎಂದಳು. "ಜೋರಾಗಿ ಯೋಳ್ರಿ. ಬುದ್ದಿಯೋರು ಕೇಳುಸ್ಕಳ್ಳಿ."