ಬೋರಿ ಅಜ್ಜಿಯ ಮೂರನೆಯ ಸಾಲು

ಹೊಟ್ಟೆಕಿಚ್ಚಿನಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಬುಡಾಪೆಸ್ಟಿನ ಸಂಗೀತ ವಿದ್ಯಾಲಯದಲ್ಲಿ ಕೆಲೆಮೆನ್ ತಿಹಾಮೇರ್ ಮೇಷ್ಟ್ರ ಬಳಿ ಸಂಗೀತ ರಚನೆ ಕಲಿಯುತ್ತಿದ್ದವರು ಐದು ಜನ. ಪಾಲೋತಾಯ್ ಯೆನೋ ಎಂಬ ನಾನು ಒಬ್ಬ, ಬೋದಿಶ್ ಎಮಿಲ್ ಇನ್ನೊಬ್ಬ. ಉಳಿದ ಮೂವರ ಹೆಸರು ಮರೆತುಹೋಗಿದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ.

ಮೇಷ್ಟ್ರ ರಚನೆಗಳನ್ನು ಹಾಡದ ಶಾಲೆ ಹಂಗೇರಿಯಲ್ಲಿ ಇರಲಿಲ್ಲ. ಅಂಥವರು ಪ್ರತಿ ಮಂಗಳವಾರ ಬೆಳಗ್ಗೆ ನಮ್ಮ ಹಾಳೆಗಳನ್ನು ಪಿಯಾನೋದ ಮೇಲೆ ಹರಡಿಕೊಂಡು, ಬಾರಿಸದೆ, ಕಣ್ಣಲ್ಲೇ ಓದುತ್ತಿದ್ದರು. ನನ್ನ ಹಾಳೆ ಓದಿದ ಮೇಲೆ ಅವರು ಹೇಳುತ್ತಿದ್ದುದು ಒಂದೇ ಮಾತು.

"ಎಲ್ಲಾ ಸರಿಯಾಗಿದೆ ಕಣಯ್ಯಾ ಯೆನೋ."

ಮೂರು ವರ್ಷ ಅದೇ ಮಾತು. ಎಲ್ಲಾ ಸರಿಯಾಗಿದೆ ಅಂದರೆ ಅದರಲ್ಲಿ ಏನೂ ಇಲ್ಲ ಎಂದು ಅರ್ಥ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಮಿಲ್ ಇದ್ದನಲ್ಲ, ಅವನ ಹಾಳೆಯ ತುಂಬ ತಪ್ಪು. ಮೂಲೆಯಲ್ಲಿ ರೊಟ್ಟಿಗೆ ಸವರಿದ ಹಂದಿಕೊಬ್ಬಿನ ಕಲೆ ಬೇರೆ. ಅದನ್ನು ಓದುತ್ತಾ ಮೇಷ್ಟ್ರು ನಗುತ್ತಿದ್ದರು, ಬೈಯುತ್ತಿದ್ದರು, ಕೆಂಪು ಪೆನ್ಸಿಲಿನಲ್ಲಿ ಗೀಚುತ್ತಿದ್ದರು.

"ಇದು ತಪ್ಪು, ಇದೂ ತಪ್ಪು, ಇದನ್ನಂತೂ ಕತ್ತೆ ಕೂಡ ಮಾಡಲ್ಲ. ಆದ್ರೆ ಈ ನಾಲ್ಕು ಸ್ವರ ಇದ್ಯಲ್ಲ ಎಮಿಲ್, ಇದು ನಿಂದು ಕಣೋ. ಬೇರೆ ಯಾರದ್ದೂ ಅಲ್ಲ."

ಇದು ನಿಂದು. ಆ ಎರಡು ಶಬ್ದ ಒಂದು ಸಲ ನನಗೆ ಹೇಳಿಬಿಟ್ಟಿದ್ದರೆ ಸಾಕಿತ್ತು, ಆಮೇಲೆ ಯಾವುದಾದರೂ ಹಳ್ಳಿಯಲ್ಲಿ ಮಕ್ಕಳಿಗೆ ಸ್ವರ ಹೇಳಿಕೊಂಡು ಸುಖವಾಗಿ ಇದ್ದುಬಿಡುತ್ತಿದ್ದೆ. ಎಮಿಲ್‌ಗೆ ಅದು ಸಿಕ್ಕಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವನಿಗೋ ಅದರ ಬೆಲೆಯೇ ಗೊತ್ತಿರಲಿಲ್ಲ. ತಲೆ ಕೆರೆದುಕೊಂಡು "ಊಟಕ್ಕೆ ಹೋಗೋಣ್ವಾ?" ಎಂದು ನನ್ನನ್ನೇ ಕೇಳುತ್ತಿದ್ದ.

ಬೇಸಿಗೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಹಳ್ಳಿಗಳಿಗೆ ಹೋಗಿ ಮುದುಕಿಯರು ಹಾಡುವ ಹಳೆಯ ಹಾಡುಗಳನ್ನು ಬರೆದು ತರಬೇಕಿತ್ತು. ನಮ್ಮ ನಿಜವಾದ ಸಂಗೀತ ಇರುವುದು ಆ ಬಾಯಿಗಳಲ್ಲೇ ಎಂದು ಮೇಷ್ಟ್ರ ನಂಬಿಕೆ. ಹಾಡಿನ ಮೇಲೆ ಹಾಡಿದವರ ಹೆಸರು, ವಯಸ್ಸು, ಊರು ಬರೆಯಬೇಕು. ಕೇಳಿದ್ದನ್ನು ಕೇಳಿದ ಹಾಗೇ ಬರೆಯಬೇಕು. ಒಂದೇ ಒಂದು ಸ್ವರ ತಿದ್ದಿ ಚಂದ ಮಾಡಿದ ಹುಡುಗನೊಬ್ಬನನ್ನು ಮೇಷ್ಟ್ರು ಅವತ್ತೇ ತರಗತಿಯಿಂದ ಹೊರಗೆ ಹಾಕಿದ್ದರು. ಎಮಿಲ್ ಹಿಂದಿನ ವರ್ಷ ನಲವತ್ತು ಹಾಡು ತಂದಿದ್ದ, ಮೇಷ್ಟ್ರು ಚಳಿಗಾಲವೆಲ್ಲ ಅವನ್ನೇ ಗುನುಗುತ್ತಾ ಓಡಾಡಿದ್ದರು.

ನನ್ನ ಪಾಲಿಗೆ ಬಂದದ್ದು ಬಾಲಾತೋನ್ ಸರೋವರದ ದಕ್ಷಿಣಕ್ಕಿದ್ದ ಕಿಶ್‌ಬೆರ್ಕ್ ಎಂಬ ಹಳ್ಳಿ. ಒಂಬತ್ತು ದಿನ ಮನೆಮನೆ ಅಲೆದೆ. ಎಲ್ಲರೂ ಹಾಡುತ್ತಿದ್ದುದು ಪೇಟೆಯ ನಾಟಕದ ಹಾಡುಗಳನ್ನೇ. ಕೊನೆಗೆ ಶಾಲೆಯ ಬೇಲಿಗೆ ಅಂಟಿದ ಮನೆಯಲ್ಲಿ ಕಾಯ್ತಾರ್ ಬೋರ್ಬಾಲಾ ಎಂಬ ವಿಧವೆ ಸಿಕ್ಕಿದಳು. ಊರಿಗೆಲ್ಲ ಬೋರಿ ಅಜ್ಜಿ. ಹುರುಳಿಕಾಯಿ ಸಾರು ಬಡಿಸಿ, ಒಂದು ಹಾಡು ಹೇಳಿದಳು.

ಹೊಸಿಲ ಮೇಲೆ ಹಿಮ ಬಿದ್ದಿದೆ,
ಅಮ್ಮಾ ಗುಡಿಸಬೇಡ,
ಹೋದವನ ಹೆಜ್ಜೆ
ಅದರೊಳಗಿದೆ.

ಮಾತು ಕೇಳಿ ಮೈ ಜುಮ್ಮೆಂದಿತು. ಧಾಟಿ ಮಾತ್ರ ಪೇಟೆಯ ಹೋಟೆಲಿನ ಮಾಣಿಗಳು ಶಿಳ್ಳೆ ಹಾಕುವಂಥದ್ದು. ಬೇರೆ ಧಾಟಿ ಗೊತ್ತೇ ಎಂದು ಕೇಳಿದೆ. "ಇತ್ತೇನೋ ಕಣಪ್ಪಾ, ಮರ್ತೋಗದೆ" ಅಂದಳು.

ಬುಡಾಪೆಸ್ಟಿಗೆ ಮರಳುವ ರೈಲಿನಲ್ಲಿ ಆ ಧಾಟಿಯನ್ನು ನಾನೇ ಬರೆದೆ. ನಮ್ಮ ಹಳೆಯ ಹಾಡುಗಳ ಜಾಡು ನನಗೆ ಬಾಯಿಪಾಠ: ಐದೇ ಸ್ವರ, ಮೊದಲೆರಡು ಸಾಲು ಮೇಲೆ, ಆಮೇಲೆ ಅವೇ ಎರಡು ಸಾಲು ಐದು ಸ್ವರ ಕೆಳಗೆ. ಮೂರನೆಯ ಸಾಲನ್ನು ಮೊದಲನೆಯದರ ಅಳತೆಗೆ ಸರಿಯಾಗಿ ಇಳಿಸಿದೆ. ಮೇಲೆ ಬರೆದೆ: ಕಾಯ್ತಾರ್ ಬೋರ್ಬಾಲಾ, ವಿಧವೆ, ಎಪ್ಪತ್ತನಾಲ್ಕು, ಕಿಶ್‌ಬೆರ್ಕ್. ಎಮಿಲ್‌ನ ನಲವತ್ತರ ಎದುರು ಬರಿಗೈಯಲ್ಲಿ ನಿಲ್ಲುವುದು ನನ್ನಿಂದ ಸಾಧ್ಯವಿರಲಿಲ್ಲ.

ಮಂಗಳವಾರ ಮೇಷ್ಟ್ರು ಆ ಹಾಳೆ ಓದಿದರು. ಪಿಯಾನೋ ಮುಂದೆ ಕೂತು, ಒಡಕು ದನಿಯಲ್ಲಿ ಹಾಡಿದರು. ಹಾಡಿ ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ಎಮಿಲ್‌ನ ಮುಖ ಬಿಳಿಚಿತ್ತು. ಅಬ್ಬಾ, ಅದನ್ನು ನೋಡಿ ನನಗಾದ ಸಂತೋಷವೇ!

"ಇದನ್ನ ಯಾವ ವಿದ್ಯಾಲಯದಲ್ಲೂ ಕಲಿಸಕ್ಕಾಗಲ್ಲ ಕಣ್ರಯ್ಯಾ," ಅಂದರು ಮೇಷ್ಟ್ರು. "ಇದು ಆ ತಾಯೀದು. ಯೆನೋ, ನೀನು ನೂರು ವರ್ಷ ಕೂತ್ರೂ ಇಂಥದ್ದೊಂದು ಬರೆಯಕ್ಕಾಗಲ್ಲ. ಬೇಜಾರು ಮಾಡ್ಕೋಬೇಡ, ನನ್ನ ಕೈಲೂ ಆಗಲ್ಲ."

ನಂದು ಅಂದರೆ ತರಗತಿಯಿಂದ ಹೊರಗೆ. ಅನ್ನದಿದ್ದರೆ ಆ ಮಾತು ಮುದುಕಿಯ ಪಾಲು. ಅವತ್ತಿನಿಂದ ನನ್ನ ಹೊಟ್ಟೆಕಿಚ್ಚು ಎಮಿಲ್‌ನನ್ನು ಬಿಟ್ಟು ಬೋರಿ ಅಜ್ಜಿಯ ಬೆನ್ನು ಹತ್ತಿತು.

ಆ ಚಳಿಗಾಲ ಮೇಷ್ಟ್ರು ಅದನ್ನು ಮಕ್ಕಳ ಮೇಳಕ್ಕೆ ಹೊಂದಿಸಿದರು. ವಸಂತದ ಹೊತ್ತಿಗೆ ಶಾಲೆಶಾಲೆಯಲ್ಲೂ ಅದೇ ಹಾಡು. ಅಚ್ಚಾದ ಪುಸ್ತಕದಲ್ಲಿ ಮೇಷ್ಟ್ರ ಹೆಸರು, ಅದರ ಕೆಳಗೆ ಅವಳ ಹೆಸರು. ನನ್ನದು ಕೊನೆಯ ಪುಟದಲ್ಲಿ, ಬರೆದುಕೊಂಡವರು ಎಂದು. ಕಛೇರಿಗಳಲ್ಲಿ ಜನ ಕಣ್ಣೊರೆಸಿಕೊಳ್ಳುವಾಗ ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಸಾರು ಬಡಿಸಿದ್ದು ಬಿಟ್ಟರೆ ಆ ಮುದುಕಿ ಮಾಡಿದ್ದೇನು?

ಎರಡು ವರ್ಷ ಕಳೆದ ಮೇಲೆ ಎಮಿಲ್ ಮೇಣದ ಉರುಳೆಯಲ್ಲಿ ದನಿ ಹಿಡಿಯುವ ಯಂತ್ರ ಹೊತ್ತು ಕಿಶ್‌ಬೆರ್ಕ್‌ಗೆ ಹೊರಟ. ಅಜ್ಜಿಯ ಬಾಯಲ್ಲೇ ಹಾಡು ಹಿಡಿದು ತಾ ಎಂದು ಮೇಷ್ಟ್ರೇ ಕಳಿಸಿದ್ದರು. ಅವಳು ಪೇಟೆಯ ಧಾಟಿಯಲ್ಲೇ ಹಾಡಿಬಿಟ್ಟರೆ ನನ್ನ ಗುಟ್ಟು ಬಯಲು. ಮುದುಕಿ ಸತ್ತಿರಲಿ ದೇವರೇ ಎಂದು ಬೇಡಿಕೊಂಡೆ. ನಾಚಿಕೆಯಾಗುತ್ತದೆ, ಆದರೂ ಬೇಡಿಕೊಂಡದ್ದು ನಿಜ.

ಸತ್ತಿರಲಿಲ್ಲ. ಮುಂದಿನ ಮಂಗಳವಾರ ತರಗತಿಯಲ್ಲಿ ಎಮಿಲ್ ಉರುಳೆಯನ್ನು ಯಂತ್ರಕ್ಕೆ ಹಾಕಿ ಹಿಡಿಕೆ ತಿರುಗಿಸಿದ. ಕರಕರ ಸದ್ದಿನ ಒಳಗಿನಿಂದ ಬೋರಿ ಅಜ್ಜಿಯ ದನಿ ಬಂತು. ಹಾಡಿದ್ದು ನನ್ನ ಧಾಟಿಯನ್ನೇ! ಬೇಲಿಯಾಚೆ ಶಾಲೆಯ ಮಕ್ಕಳು ದಿನಾ ಹಾಡಿದ್ದು ಅವಳ ಕಿವಿಗೆ ಇಳಿದಿದೆ ಎಂದು ನನಗೆ ತಟ್ಟನೆ ಹೊಳೆಯಿತು. ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಮೂರನೆಯ ಸಾಲು ಬಂತು. ಅದು ನನ್ನದಾಗಿರಲಿಲ್ಲ. ನಾನು ಸೀದಾ ಇಳಿದ ಕಡೆ ಅವಳು ಇಳಿಯಲಿಲ್ಲ. ಮೇಲಿನ ಸ್ವರವನ್ನೇ ಹಿಡಿದು ನಿಂತಳು, 'ಹೋದವನ' ಎಂಬಲ್ಲಿ ಉಸಿರು ಮುಗಿಯುವ ತನಕ ನಿಂತು ಆಮೇಲೆ ಒಮ್ಮೆಗೇ ಇಳಿದಳು. ನನ್ನ ಸಾಲಿಗಿಂತ ಅದು ಎಷ್ಟು ಮೇಲು ಎಂಬುದು ಎಲ್ಲರಿಗಿಂತ ಮೊದಲು ತಿಳಿದದ್ದು ನನಗೇ.

"ನೋಡಿದ್ಯಾ ಯೆನೋ, ಮೂರನೇ ಸಾಲು ತಪ್ಪು ಬರ್ಕೊಂಡಿದ್ದೀಯ," ಅಂದರು ಮೇಷ್ಟ್ರು. "ನಂಗೆ ಆವಾಗ್ಲೇ ಅನುಮಾನ. ಅದೊಂದು ಸಾಲು ವಿದ್ಯಾಲಯದ ವಾಸನೆ ಹೊಡೀತಿತ್ತು."

"ಹೋಗ್ಲಿ ಬಿಡಿ ಮೇಷ್ಟ್ರೇ," ಅಂದ ಎಮಿಲ್. "ಪಾಪ, ಯೆನೋ ಸಾರಿನ ರುಚೀಲಿ ಮುಳುಗೋಗಿದ್ದ ಅನ್ಸುತ್ತೆ."

ಎಲ್ಲರೂ ನಕ್ಕರು. ಅವರೆಲ್ಲ ಹೋಗುವ ತನಕ ಕಾದು, ನಾನು ಬಾಗಿಲು ಹಾಕಿ ಬಂದು ಮೇಷ್ಟ್ರ ಎದುರು ನಿಂತೆ. ಹೊರಗೆ ಹಾಕುವುದಾದರೆ ಹಾಕಲಿ.

"ಮೇಷ್ಟ್ರೇ, ಆ ಧಾಟಿ ಅಜ್ಜೀದಲ್ಲ. ನಂದು. ರೈಲಲ್ಲಿ ಕೂತು ನಾನೇ ಬರೆದದ್ದು. ಅವಳು ಶಾಲೆ ಮಕ್ಕಳ ಹತ್ರ ಕೇಳಿ ಕಲಿತಿದ್ದಾಳೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಇದ್ದದ್ದು ಮರುಕ.

"ಯೆನೋ, ಎಮಿಲ್‌ನ ಕಂಡ್ರೆ ನಿಂಗೆ ಹೊಟ್ಟೆ ಉರಿಯುತ್ತೆ ಅಂತ ಗೊತ್ತಿತ್ತು. ವಯಸ್ಸು, ಹೋಗ್ಲಿ ಅಂತ ಸುಮ್ನಿದ್ದೆ. ಆದ್ರೆ ಒಂದು ಬಡ ಮುದುಕಿ ಹಾಡೂ ಬೇಕೇನೋ ನಿಂಗೆ? ಅವಳ ಹತ್ರ ಇರೋದೇ ಅದೊಂದು."

"ನಿಜ ಹೇಳ್ತಿದೀನಿ ಮೇಷ್ಟ್ರೇ."

"ಹಾಗಾದ್ರೆ ಹೋಗು. ಅವಳ ಎದುರಿಗೆ ನಿಂತು, ಇದು ನಿಂದಲ್ಲ ನಂದು ಅಂತ ಹೇಳು. ಹೇಳಕ್ಕಾದ್ರೆ ಬಂದು ನಂಗೆ ತಿಳಿಸು, ಪುಸ್ತಕದಲ್ಲಿ ನಿನ್ನ ಹೆಸರು ಹಾಕಿಸ್ತೀನಿ."

ಮರುದಿನವೇ ರೈಲು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅಜ್ಜಿ ಅಂಗಳದಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ನನ್ನ ಗುರುತು ಹತ್ತಲಿಲ್ಲ.

"ಅಜ್ಜೀ, ಆ ಹಿಮದ ಹಾಡು ನಿಮಗೆ ಯಾರು ಕಲ್ಸಿದ್ದು?"

"ನಮ್ಮವ್ವ ಕಣಪ್ಪಾ. ಎಂಗೋ ಮರ್ತೋಗಿತ್ತು. ಎಲ್ಡು ವರ್ಷದ್ ಕೆಳಗೆ ಒಂದಿನ ಬೆಳಗ್ಗೆ ತಟಕ್ಕನೆ ಗ್ಯಾಪ್ಕ ಬಂತು. ನಮ್ಮವ್ವ ಒಲೆ ಮುಂದೆ ಕುಂತು ಹಾಡ್ತಿದ್ದಿದ್ದು ಕಣ್ಣಿಗ್ ಕಟ್ದಂಗಾಯ್ತು. ಅಣ್ಣ ದಂಡಿಗೆ ಹೋಗಿ ಬರ್ಲಿಲ್ಲ ನೋಡು, ಅವಾಗ ಹಾಡ್ತಿದ್ಲು. ಅವತ್ತೆಲ್ಲಾ ಅತ್ತೆ."

ಶಾಲೆಯ ಕಡೆ ಕೈ ತೋರಿಸಿದೆ. ನಂದು ಅಜ್ಜೀ, ನಂದು ಅದು, ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು. ಅವಳು ಮಡಿಲಿನ ಹುರುಳಿಕಾಯಿ ಪಕ್ಕಕ್ಕೆ ಸರಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗೂ ಬತ್ತದಾ? ಹಾಡು ನೋಡಾನ," ಅಂದಳು.

ಹಾಡಿದೆ. ಮೂರನೆಯ ಸಾಲಿಗೆ ಬರುತ್ತಲೇ ಅವಳು ನನ್ನ ಮೊಣಕೈ ಹಿಡಿದಳು.

"ಅಲ್ಲಲ್ಲ, ಇಳೀಬ್ಯಾಡ ಅಲ್ಲಿ. ಅವ್ನು ಇನ್ನೂ ಹೋಗ್ತಾವ್ನೆ, ಕಣ್ಣಿಗ್ ಕಾಣ್ತಾವ್ನೆ. ಮರೆ ಆಗಗಂಟ ನಿಂತ್ಕಬೇಕು. ಇನ್ನೊಂದ್ಸಲ."

ಮತ್ತೆ ಹಾಡಿದೆ. ಮತ್ತೆ ತಪ್ಪಿತು. ಏಳು ವರ್ಷ ಪಿಯಾನೋ, ಐದು ವರ್ಷ ರಚನೆ ಕಲಿತ ನನಗೆ, ನಾನೇ ಕಟ್ಟಿದ ಹಾಡಿನಲ್ಲಿ ಒಂದು ಸಾಲು ಬರುತ್ತಿರಲಿಲ್ಲ. ಅವಳು ಬೇಸರಪಡಲಿಲ್ಲ. ಕೈಯಲ್ಲಿ ತಾಳ ಹಾಕುತ್ತಾ, ನನ್ನ ಉಸಿರಿಗೆ ಉಸಿರು ಕೊಟ್ಟು, ಹಿಡಿ, ಹಿಡಿ, ಬಿಡಬ್ಯಾಡ ಎನ್ನುತ್ತಾ ಹಾಡಿಸಿದಳು. ಆ ಸಾಲು ನನ್ನದಾಗಿರಬಾರದಿತ್ತೇ ಎಂದು ಎದೆ ಉರಿಯಿತು. ಎಮಿಲ್‌ನ ಮೇಲೆ ಒಂದು ದಿನವೂ ಅಷ್ಟು ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಐದನೆಯ ಸಲವೋ ಆರನೆಯ ಸಲವೋ ಸರಿಯಾಗಿ ಬಂತು.

"ಆಂ, ಈಗ ಬಂತು," ಎಂದು ಅಜ್ಜಿ ಹುರುಳಿಕಾಯಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ನಿಂಗೆ ಮೊದ್ಲು ಕಲ್ಸಿದ್ರಲ್ಲ ಯಾರೋ, ಅವ್ರು ತಪ್ಪು ಕಲ್ಸವ್ರೆ ಕಣಪ್ಪಾ. ಅವ್ರ ಮನೇಲಿ ಯಾರೂ ಹೋಗಿರ್ನಿಲ್ವೇನೋ."

"ಹೌದು ಅಜ್ಜೀ," ಅಂದೆ. "ಯಾರೂ ಹೋಗಿರಲಿಲ್ಲ."